ಇಬ್ಬರಿಗೆ ಒಂದು ಹುದ್ದೆ

ಮಣ್ಣಿನೊಳಗೆ ನೀರು ಹೇಗೆ ಇಳಿಯುತ್ತದೆ ಎಂಬುದರ ಸಂಶೋಧನೆಗೆ ಹೈದರಾಬಾದಿನ ವಿಶ್ವವಿದ್ಯಾಲಯದಲ್ಲಿ ಒಂದೇ ಒಂದು ಹುದ್ದೆ ಇತ್ತು. ಗಣಿತದಲ್ಲಾಗಲಿ ಎಂಜಿನಿಯರಿಂಗ್‌ನಲ್ಲಾಗಲಿ ಡಾಕ್ಟರೇಟ್ ಆದವರು ಬರಬಹುದಿತ್ತು. ಕಲಬುರಗಿಯಿಂದ ಗಂಡ ಹೆಂಡತಿ ಇಬ್ಬರೂ ಸಂದರ್ಶನಕ್ಕೆ ಬಂದರು. ದತ್ತಾತ್ರೇಯನದು ಗಣಿತ, ಭವಾನಿಯದು ಎಂಜಿನಿಯರಿಂಗ್. ಹುದ್ದೆ ಭವಾನಿಗೆ ಸಿಕ್ಕಿತು.

ಅಂದು ಅವನಿಗೆ ಖುಷಿಯೇ ಆಗಿತ್ತು. ಸುಲ್ತಾನ್ ಬಜಾರಿಗೆ ಕರೆದೊಯ್ದು ಸೀರೆ ಕೊಡಿಸಿದ. ಊರ ತುಂಬ ಸಾಫ್ಟ್‌ವೇರ್ ಕಂಪನಿಗಳು ಏಳುತ್ತಿದ್ದ ಕಾಲ. ಮಾದಾಪುರದಲ್ಲಿ ಅವನಿಗೂ ಕೆಲಸ ಸಿಕ್ಕಿತು, ಅಮೆರಿಕದ ವಿಮಾ ಕಂಪನಿಯ ಪ್ರೋಗ್ರಾಂಗಳಲ್ಲಿ ತಪ್ಪು ಹುಡುಕುವುದು. ಕೆಲಸ ಕೆಟ್ಟದ್ದೇನಲ್ಲ. ಆದರೆ ಅವನ ಜೀವ ಹಂಬಲಿಸುತ್ತಿದ್ದದ್ದು ಬೇರೆಯದಕ್ಕೆ. ಬೆಳಗ್ಗೆ ಏಳುವಾಗ ಬಗೆಹರಿಯದ ಒಂದು ಪ್ರಶ್ನೆ ತಲೆಯಲ್ಲಿ ಕೂತಿರಬೇಕು, ದಿನವಿಡೀ ಅದನ್ನೇ ಕೆದಕುತ್ತಿದ್ದರೂ ಬೇಗ ಮುಗಿಸು ಎಂದು ಯಾರೂ ಅನ್ನಬಾರದು.

ಪ್ರತಿ ಶನಿವಾರ ಭವಾನಿಯ ವಿಭಾಗದಲ್ಲಿ ಉಪನ್ಯಾಸ. ಮಿಯಾಪುರದ ಮನೆಯಿಂದ ಭವಾನಿಯನ್ನು ಸ್ಕೂಟರಿನಲ್ಲಿ ಬಿಡಲು ಹೋದವನು ಹಿಂದಿನ ಬೆಂಚಿನಲ್ಲಿ ಕೂತುಬಿಡುತ್ತಿದ್ದ. ಬೋರ್ಡಿನ ಮೇಲೆ ಸೀಮೆಸುಣ್ಣ ಓಡಿದಂತೆ ಅವನ ಬೆರಳೂ ತೊಡೆಯ ಮೇಲೆ ಓಡುತ್ತಿತ್ತು.

ಕೆಲವು ವರ್ಷಗಳ ಮೇಲೆ ಅಲ್ಲೇ ಇನ್ನೊಂದು ಹುದ್ದೆ ಬಂತು.

"ಈ ಸಲ ನೀವು ಅರ್ಜಿ ಹಾಕ್ರಿ," ಎಂದಳು ಭವಾನಿ. "ಕಂಪನಿ ಬಿಟ್ರ ಬಿಡ್ರಿ, ನಡೀತೈತಿ."

ಸಂದರ್ಶನದಲ್ಲಿ ವಿಭಾಗದ ಪ್ರೊಫೆಸರರು ಮೆಲ್ಲಗೆ, ಇತ್ತೀಚೆಗೆ ಏನು ಪ್ರಕಟಿಸಿದ್ದೀರಿ ಎಂದು ಕೇಳಿದರು. ಕಂಪನಿ ಸೇರಿದ ಮೇಲೆ ಅವನು ಒಂದು ಸಾಲೂ ಬರೆದಿರಲಿಲ್ಲ. ಹುದ್ದೆ ಚೆನ್ನೈನ ಒಬ್ಬ ಹುಡುಗಿಗೆ ಹೋಯಿತು. ಅವಳು ಜಾಣೆ. ಸಿಟ್ಟು ಮಾಡಿಕೊಳ್ಳುವುದಕ್ಕೂ ಅವನಿಗೆ ಕಾರಣ ಉಳಿಯಲಿಲ್ಲ.

ಆಮೇಲೆ ಶನಿವಾರಗಳಂದು ಭವಾನಿಯನ್ನು ಗೇಟಿನಲ್ಲೇ ಇಳಿಸಿ ಹಿಂದಿರುಗತೊಡಗಿದ. "ಒಳಗ ಬರ್ರಿ" ಅಂದರೆ, "ಪೆಟ್ರೋಲ್ ಹಾಕಿಸ್ಬೇಕು" ಎನ್ನುತ್ತಿದ್ದ.

ಒಂದು ಭಾನುವಾರ ಅವಳು ಕಾಗದಗಳನ್ನು ಅವನೆದುರು ಹರಡಿದಳು. "ಇಲ್ನೋಡ್ರಿ. ಮಣ್ಣು ಪೂರಾ ಒಣಗಿದ್ದ ಕಡೆ ಸಮೀಕರಣ ನನ್ನ ಮಾತು ಕೇಳವಲ್ದು."

"ನನ್ನ ಸಮಾಧಾನಕ್ಕ ಕೇಳಾಕತ್ತೀಯೇನು?"

"ಸಮಾಧಾನಕ್ಕಾದ್ರ ಚಹಾ ಮಾಡಿ ಕೊಡ್ತಿದ್ದೆ. ನನಗ ಖರೇನ ತಿಳಿವಲ್ದು."

ಅವನು ನಕ್ಕ. ಪೆನ್ನು ಕೈಗೆತ್ತಿಕೊಂಡ. ಮಳೆಗಾಲ ಮುಗಿದು ಚಳಿ ಹಿಡಿಯುವವರೆಗೂ ಅವರ ಭಾನುವಾರಗಳು ಹಾಗೆಯೇ ಹೋದವು. ಅನ್ನ ಸೀದರೂ ಇಬ್ಬರಿಗೂ ವಾಸನೆ ಬಡಿಯುತ್ತಿರಲಿಲ್ಲ. ಕೊನೆಗೆ ಗಂಟು ಬಿಚ್ಚಿತು. ಭವಾನಿ ಅದನ್ನು ಲೇಖನವಾಗಿ ಬರೆದಾಗ, ದತ್ತಾತ್ರೇಯನ ಹೆಸರೂ ಅದರಲ್ಲಿರಲಿ ಎಂದು ಪ್ರೊಫೆಸರರೇ ಹೇಳಿ ಕಳಿಸಿದರು.

ಲೇಖನವನ್ನು ಪತ್ರಿಕೆಗೆ ಕಳಿಸಲು ಭವಾನಿ ಕಂಪ್ಯೂಟರಿನ ಮುಂದೆ ಕೂತು ಕೇಳಿದಳು, "ನಿಮ್ಮ ಹೆಸರಿನ ಕೆಳಗ ಯಾವ ಸಂಸ್ಥೆ ಹಾಕ್ಲಿ?"

ಕಂಪನಿಗೂ ಈ ಕೆಲಸಕ್ಕೂ ಸಂಬಂಧವಿರಲಿಲ್ಲ. ವಿಶ್ವವಿದ್ಯಾಲಯ ಅವನದಾಗಿರಲಿಲ್ಲ.

"ಮನಿ ವಿಳಾಸ ಹಾಕು."

ಅವಳು ಹಾಗೆಯೇ ಹಾಕಿದಳು. ದತ್ತಾತ್ರೇಯ ಕುರ್ಚಿ ಎಳೆದುಕೊಂಡು ಪರದೆ ನೋಡುತ್ತ ಕೂತ. ಭವಾನಿಯ ಹೆಸರಿನ ಕೆಳಗೆ ವಿಶ್ವವಿದ್ಯಾಲಯ, ಅವನ ಹೆಸರಿನ ಕೆಳಗೆ ಫ್ಲಾಟ್ ನಂಬರು, ರಸ್ತೆ, ಮಿಯಾಪುರ. ತಪ್ಪೇನೂ ಇರಲಿಲ್ಲ.

"ಕಳಿಸ್ಲೇನ್ರಿ?"

"ಒಂದೀಟು ತಡಿ," ಎಂದ.