ಬಿಸಿಲಿನಲ್ಲಿ ಮಂಜಿನ ಕಹಳೆ

ನನ್ನ ಅಕ್ಕನ ಗಂಡನನ್ನು ಬಂದರಿನಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಎಲ್ಲರಿಗೂ ಅವರು ಮುಳ್ಳಣ್ಣ. ಮೂವತ್ತೊಂದು ವರ್ಷಗಳಿಂದ ಹಡಗುಗಳ ದಿಕ್ಸೂಚಿ, ವಾಯುಭಾರಮಾಪಕ, ನೀರಿನ ಮಟ್ಟ ತೋರಿಸುವ ಯಂತ್ರ ಇವುಗಳ ಮುಳ್ಳುಗಳನ್ನು ಸರಿಪಡಿಸುತ್ತಾ ಬಂದವರಿಗೆ ಆ ಹೆಸರು ಅಂಟಿಕೊಂಡದ್ದು ಸಹಜ. ‘ಸ್ವಭಾವಾನೂ ಅದೇ, ಚುಚ್ಚದೆ ಮಾತೇ ಆಡಲ್ಲ’ ಎನ್ನುವುದು ಅಕ್ಕನ ವ್ಯಾಖ್ಯಾನ. ಸಮುದ್ರಕ್ಕೆ ಚಾಚಿದ ಕಟ್ಟೆಯ ತುದಿಯಲ್ಲಿರುವ ಮಂಜಿನ ಕಹಳೆಯ ಜವಾಬ್ದಾರಿಯೂ ಅವರದೇ. ಮಂಜು ಕವಿದು ದೀಪ ಕಾಣದಾದಾಗ ಹಡಗುಗಳಿಗೆ ದಾರಿ ತಿಳಿಸಲು ಹಿಡಿಕೆ ಒತ್ತಿ ಊದುವ ಯಂತ್ರದ ಕಹಳೆ ಅದು. ಉಳಿದ ವೇಳೆ ಅದನ್ನು ಮುಟ್ಟುವಂತಿಲ್ಲ.

ಭಾವನಿಗೆ ಈಗ ಅರವತ್ತೆರಡು. ಎರಡೂ ಮೊಣಕಾಲು ಕೈಕೊಟ್ಟಿವೆ. ಕಾಲು ಗಟ್ಟಿಯಿದ್ದಾಗ ಅವರಿಗಿದ್ದ ಒಂದೇ ಹುಚ್ಚು, ಇನ್ನೂರು ವರ್ಷಗಳ ಹಿಂದೆ ಈ ಕರಾವಳಿಯ ನಕ್ಷೆ ಬರೆಯಲು ಬಂದಿದ್ದ ಹಡಗಿನವರ ಜಾಡು ಹಿಡಿಯುವುದು. ಅವರು ನೀರು ತುಂಬಿಸಿಕೊಂಡ ಬಾವಿ, ಡೇರೆ ಹೊಡೆದ ದಿಣ್ಣೆ, ಜ್ವರದಿಂದ ಸತ್ತ ಇಬ್ಬರನ್ನು ಹೂಳಿದ ಮೂಲೆ, ದೂರದರ್ಶಕ ನಿಲ್ಲಿಸಲು ಬಂಡೆಗೆ ಬೆಸೆದ ಕಬ್ಬಿಣದ ಬಿಲ್ಲೆ, ಹೀಗೆ ಏಳು ಜಾಗಗಳನ್ನು ಭಾವ ಒಂದೊಂದಾಗಿ ಹುಡುಕಿ ಅಳೆದಿದ್ದರು. ಕಾಲು ಸೋತ ಮೇಲೆ ಆ ಏಳನ್ನೂ ಜಿಯೋಕ್ಯಾಚಿಂಗ್ ಆಟದ ಜಾಲತಾಣಕ್ಕೆ ಏರಿಸಿದರು. ಯಾರೋ ಬಚ್ಚಿಟ್ಟ ಡಬ್ಬಿಯನ್ನು ಅಕ್ಷಾಂಶ ರೇಖಾಂಶಗಳ ನೆರವಿನಿಂದ ಹುಡುಕುವ ಆಟ ಅದು. ಭಾವನದು ಅದರಲ್ಲಿಯೇ ವರ್ಚುವಲ್ ಎಂಬ ಬಗೆ. ಅಲ್ಲಿ ಡಬ್ಬಿ ಇರುವುದಿಲ್ಲ, ಜಾಗವೇ ನಿಧಿ. ಹೋದವರು ಅಲ್ಲಿ ಮಾತ್ರ ಕಾಣಸಿಗುವ ಯಾವುದೋ ವಿವರವನ್ನು ಗಮನಿಸಿ, ಪ್ರಶ್ನೆಗೆ ಉತ್ತರ ಮತ್ತು ಒಂದು ಚಿತ್ರ ಕಳುಹಿಸಬೇಕು. ಉತ್ತರ ಸರಿಯೆಂದು ಭಾವ ಒಪ್ಪಿದರೆ ಗೆದ್ದಂತೆ.

ಅಪರಿಚಿತರ ಚಿತ್ರಗಳನ್ನು ಭೂತಗನ್ನಡಿ ಹಿಡಿದು ನೋಡುವುದು ಭಾವನ ಪ್ರವಾಸ. ಬೇರೆ ದೇಶದವರು ಹಿಮದ ನಾಡಿನ ಅನ್ವೇಷಕರ ಗುಡಿಸಲನ್ನೋ ಮರುಭೂಮಿಯ ಬಾವಿಯನ್ನೋ ಇದೇ ಆಟಕ್ಕೆ ಸೇರಿಸಿದ್ದರೆ ಅದನ್ನೂ ಬಿಡರು. ‘ನಿನ್ನೆ ಆ ಗುಡಿಸಲಿಗೆ ಹೋಗಿದ್ದೆ ಕಣೋ, ಬಾಗಿಲು ಎಡಕ್ಕೆ ತೆರೆಯುತ್ತೆ’ ಎಂದು ನನಗೆ ಹೇಳುವಾಗ ಅವರ ದನಿಯಲ್ಲಿ ತಮಾಷೆ ಇರುವುದಿಲ್ಲ.

‘ಚಪ್ಪಲಿ ಸವೆಸದೆ ಲೋಕ ಸುತ್ತೋರು ಅಂದ್ರೆ ಇವರೊಬ್ಬರೇ’ ಎಂದು ಅಕ್ಕ ಒಳಗಿನಿಂದಲೇ ಸೇರಿಸುತ್ತಾಳೆ.

ಏಳರಲ್ಲಿ ಬಿಲ್ಲೆಯ ಬಂಡೆ ಅಪಾಯದ್ದು. ಅದು ಹೊಳೆ ಸಮುದ್ರ ಸೇರುವ ಅಳಿವೆಯ ಒಳಗಿದೆ. ಸಮುದ್ರ ಪೂರ್ತಿ ಇಳಿದಾಗ ಮಾತ್ರ ದಡದಿಂದ ಅಲ್ಲಿಗೆ ಕಲ್ಲಿನ ಸಾಲೊಂದು ತೆರೆದುಕೊಳ್ಳುತ್ತದೆ. ಇಳಿತದ ವೇಳೆಯ ಹಿಂದೆ ಅರ್ಧ ಗಂಟೆ, ಮುಂದೆ ಅರ್ಧ ಗಂಟೆ, ಅಷ್ಟೇ. ಆಮೇಲೆ ನೀರು ಎರಡೂ ಕಡೆಯಿಂದ ನುಗ್ಗಿ ಬರುತ್ತದೆ. ಬಂದರಿನವರು ಮುದ್ರಿಸುವ ಪಟ್ಟಿಯಲ್ಲಿರುವುದು ಬಂದರಿನ ಇಳಿತದ ವೇಳೆ. ಅಳಿವೆಯ ಒಳಗಿನ ಬಂಡೆಗೆ ಅದು ನಲವತ್ತು ನಿಮಿಷ ತಡವಾಗಿ ತಲುಪುತ್ತದೆ. ಪ್ರತಿ ಭಾನುವಾರ ಭಾವ ಆ ವಾರದ ವೇಳೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಡುತ್ತಿದ್ದರು. ನಾನು ನಲವತ್ತು ನಿಮಿಷ ಕೂಡಿಸಿ ಆಟದ ಪುಟಕ್ಕೆ ಹಾಕುತ್ತಿದ್ದೆ. ಮೂರು ವರ್ಷಗಳಿಂದ ಇದು ಹೀಗೆಯೇ ನಡೆದಿತ್ತು.

ಆ ಬಂಡೆಯ ಪ್ರಶ್ನೆ, ಬಿಲ್ಲೆಯಲ್ಲಿ ಎಷ್ಟು ತೂತುಗಳಿವೆ ಎಂಬುದು. ಈ ತಿಂಗಳು ಇಬ್ಬರು ಆಟಗಾರರು ಹನ್ನೊಂದು ಎಂದು ಬರೆದರು. ಭಾವನ ಹಳೆಯ ಟಿಪ್ಪಣಿಯಲ್ಲಿರುವುದು ಹನ್ನೆರಡು. ಇಬ್ಬರ ಉತ್ತರವನ್ನೂ ಅವರು ತಳ್ಳಿಹಾಕಿದರು. ಅವರಲ್ಲೊಬ್ಬಳು ಬಂಡೆಗಾಗಿಯೇ ಎರಡು ದಿನ ಪ್ರಯಾಣ ಮಾಡಿ ಬಂದಿದ್ದಳು.

‘ನೀವು ಹಿಡಿದ ಮೊಲಕ್ಕೆ ಹನ್ನೆರಡೇ ಕಾಲು’ ಎಂದಳು ಅಕ್ಕ. ‘ಪಾಪ, ಆ ಹುಡುಗಿ ಅಳು ಬರೋ ಹಾಗೆ ಬರೆದಿದಾಳೆ. ನಾನೇ ಹೋಗಿ ಎಣಿಸಿ ಬರ್ತೀನಿ. ಹನ್ನೊಂದಿದ್ರೆ ನೀವು ಅವಳ ಹತ್ರ ಕ್ಷಮೆ ಕೇಳ್ಬೇಕು.’

‘ಹನ್ನೆರಡಿದ್ರೆ?’

‘ಹನ್ನೆರಡಿದ್ರೆ ನಾನು ನಿಮ್ಮನ್ನ ಕಟ್ಟಿಕೊಂಡಿದ್ದಕ್ಕೆ ಕ್ಷಮೆ ಕೇಳ್ತೀನಿ, ಸಾಕಾ?’

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಅವಳು ಬಸ್ಸು ಹತ್ತಿದಳು. ಅಂದು ನನಗೆ ರಜೆ. ಹನ್ನೊಂದು ಗಂಟೆಗೆ ಭಾವನ ಕಾರ್ಯಾಗಾರಕ್ಕೆ ಹೋದೆ. ಅವರು ಮೇಜಿನ ಮೇಲೆ ಒಂದು ದಿಕ್ಸೂಚಿಯನ್ನು ಬಿಚ್ಚಿ ಹರಡಿಕೊಂಡಿದ್ದರು. ನಾನು ಚಹಾ ಕುಡಿಯುತ್ತಾ, ರೂಢಿಯಂತೆ, ಗೋಡೆಯ ಮೇಲಿನ ಬಂದರಿನ ಪಟ್ಟಿಯನ್ನು ಓದಿದೆ. ಗುರುವಾರ, ಇಳಿತ, ಹತ್ತು ಇಪ್ಪತ್ತು.

ಎಲ್ಲವನ್ನೂ ದಿನಚರಿಯಲ್ಲಿ ಬರೆದಿಡುವುದು ನನ್ನ ಅಭ್ಯಾಸ. ಭಾನುವಾರದ ಪುಟವನ್ನು ತೆರೆದೆ. ನನ್ನದೇ ಅಕ್ಷರ: ‘ಗುರುವಾರ. ಭಾವನ ಚೀಟಿ ಹನ್ನೊಂದು ಗಂಟೆ. ಪುಟಕ್ಕೆ ಹಾಕಿದ್ದು ಹನ್ನೊಂದು ನಲವತ್ತು.’

‘ಭಾವ, ಈ ಸಲ ಚೀಟೀಲಿ ಬರೆದಿದ್ದು ಯಾವ ವೇಳೆ? ಬಂದರಿನದಾ, ಬಂಡೆಯದಾ?’

‘ಬಂಡೆಯದು. ಹೋದ ವಾರ ನಿನಗೆ ಜ್ವರ ಬಂದಿತ್ತಲ್ಲ, ನಾನೇ ಪುಟಕ್ಕೆ ಹಾಕಿದೆ. ಆಗಿಂದ ನಲವತ್ತು ಕೂಡಿಸೇ ಬರೀತಿದೀನಿ. ನಿನಗೊಂದು ಕೆಲಸ ಕಮ್ಮಿ ಆಗ್ಲಿ ಅಂತ.’

‘ನನಗೆ ಹೇಳಲಿಲ್ಲ.’

‘ಹೇಳೋದೇನು? ಚೀಟಿ ನೋಡಿದ್ರೆ ಗೊತ್ತಾಗಲ್ವಾ?’

ಗೊತ್ತಾಗಿರಲಿಲ್ಲ. ನಾನೂ ನಲವತ್ತು ಕೂಡಿಸಿದ್ದೆ. ಕಲ್ಲಿನ ಸಾಲು ನಿಜವಾಗಿ ಮುಚ್ಚುವುದು ಹನ್ನೊಂದೂವರೆಗೆ. ಪುಟವನ್ನು ನಂಬಿದ ಅಕ್ಕ ಹನ್ನೆರಡು ಹತ್ತರವರೆಗೂ ವೇಳೆಯಿದೆಯೆಂದು ಬಂಡೆಯ ಮೇಲೆ ಕುಳಿತಿರುತ್ತಾಳೆ. ಅವಳಿಗೆ ಈಜು ಬಾರದು.

ಗಡಿಯಾರ ಹನ್ನೊಂದು ಇಪ್ಪತ್ತೆರಡು ತೋರಿಸುತ್ತಿತ್ತು. ಭಾವ ಚಿಮಟ ಕೆಳಗಿಟ್ಟು ಊರುಗೋಲಿಗೆ ಕೈ ಚಾಚಿದರು. ನಾನು ಅಕ್ಕನಿಗೆ ಫೋನು ಮಾಡಿದೆ. ಅಳಿವೆಯಲ್ಲಿ ಸಿಗ್ನಲ್ ಇಲ್ಲವೆಂದು ನಮ್ಮ ಪುಟದಲ್ಲಿ ನಾನೇ ಬರೆದಿದ್ದರೂ ಮಾಡಿದೆ. ಮೂರು ಸಲ ಮಾಡಿದೆ. ಅಲ್ಲಿಗೆ ರಸ್ತೆ ಗುಡ್ಡವನ್ನು ಬಳಸಿ ಹೋಗುತ್ತದೆ, ಎಷ್ಟು ಜೋರಾಗಿ ಓಡಿಸಿದರೂ ಮೂವತ್ತೈದು ನಿಮಿಷ. ದೋಣಿಗಳೆಲ್ಲ ಹೊರಗೆ ಹೋಗಿದ್ದವು.

‘ನೀನು ಕಾರು ತೆಗಿ’ ಎಂದರು ಭಾವ. ಅವರು ಆಗಲೇ ಊರುಗೋಲು ಹಿಡಿದು ಬಾಗಿಲಲ್ಲಿದ್ದರು. ‘ರಸ್ತೆ ಸುತ್ತು, ನೀರಿನ ಮೇಲೆ ಹತ್ತಿರಾನೇ. ಕಹಳೆ ಕೇಳ್ಸುತ್ತೆ.’

‘ಕೇಳಿದ್ರೆ ಅವಳಿಗೇನು ಅರ್ಥ ಆಗುತ್ತೆ?’

‘ಇಂಥ ಬಿಸಿಲಲ್ಲಿ ಊದ್ತಿದಾನೆ ಅಂದ್ರೆ ನನಗೆ ತಲೆ ಕೆಟ್ಟಿದೆ ಅಂತ ಅರ್ಥ ಆಗುತ್ತೆ. ಬೈಯೋಕಾದ್ರೂ ಎದ್ದು ಬರ್ತಾಳೆ.’

‘ಭಾವ, ನಿಮ್ಮ ಕೆಲಸ...’

‘ಹೋಗೋ!’

ಆ ಮನುಷ್ಯ ನನ್ನೊಡನೆ ಏರುದನಿಯಲ್ಲಿ ಮಾತಾಡಿದ್ದು ಅದೊಂದೇ ಸಲ.

ಕಾರ್ಯಾಗಾರದಿಂದ ಕಟ್ಟೆಯ ತುದಿಗೆ ಸಾಮಾನ್ಯರಿಗೆ ಐದು ನಿಮಿಷದ ದಾರಿ. ಗೋದಾಮುಗಳನ್ನು ದಾಟಿ ಗುಡ್ಡದ ತಿರುವು ಹಿಡಿಯುವವರೆಗೂ ನನಗೆ ಏನೂ ಕೇಳಿಸಲಿಲ್ಲ. ಬಿದ್ದರೋ, ಯಾರಾದರೂ ತಡೆದರೋ ಎಂದುಕೊಳ್ಳುತ್ತಿದ್ದಾಗ ಹನ್ನೊಂದು ಮೂವತ್ತೊಂದಕ್ಕೆ ಕಹಳೆ ಮೊಳಗಿತು. ಕಾರಿನ ಗಾಜು ನಡುಗಿತು. ರಸ್ತೆಯಲ್ಲಿದ್ದವರು ತಲೆಯೆತ್ತಿ ಆಕಾಶ ನೋಡಿದರು. ಒಂದು ಚೂರು ಮೋಡವೂ ಇರಲಿಲ್ಲ. ನಿಯಮದಂತೆ ಅದನ್ನು ನಿಮಿಷಕ್ಕೊಮ್ಮೆ ಊದಬೇಕು. ಭಾವ ಉಸಿರು ಬಿಡುವಷ್ಟೇ ಬಿಡುವು ಕೊಟ್ಟು ಊದುತ್ತಿದ್ದರು. ಗುಡ್ಡ ಅಡ್ಡ ಬಂದಾಗಲೆಲ್ಲ ಸದ್ದು ಸಣ್ಣಗಾಗುತ್ತಿತ್ತು, ಆಗ ನನ್ನ ಕಾಲು ತಾನಾಗಿ ಇನ್ನಷ್ಟು ಒತ್ತುತ್ತಿತ್ತು. ಎದುರಿಗೆ ಲಾರಿಯೊಂದು ನಿಧಾನವಾಗಿ ಏರು ಹತ್ತುತ್ತಿತ್ತು. ಅದರ ಹಿಂದೆ ನಾಲ್ಕು ನಿಮಿಷ ಕಳೆದೆ. ಆ ನಾಲ್ಕು ನಿಮಿಷಗಳ ಬಗ್ಗೆ ದಿನಚರಿಯಲ್ಲಿ ಏನೂ ಬರೆಯಲು ನನಗೆ ಇದುವರೆಗೆ ಆಗಿಲ್ಲ.

ಅಳಿವೆ ತಲುಪಿದಾಗ ಹನ್ನೆರಡಕ್ಕೆ ಒಂದು ನಿಮಿಷ. ಕಲ್ಲಿನ ಸಾಲು ಕಾಣಲಿಲ್ಲ. ಬಂಡೆ ನಡುನೀರಿನಲ್ಲಿತ್ತು, ಮೇಲೆ ಯಾರೂ ಇರಲಿಲ್ಲ. ನೀರಿನ ಮೇಲೆ ಬಿಳಿಯದೇನೋ ತೇಲುತ್ತಿತ್ತು. ನಾನು ಷೂ ಕಳಚದೆ ಮೊಣಕಾಲುದ್ದ ನೀರಿಗಿಳಿದಿದ್ದೆ.

‘ಏ, ಎಲ್ಲಿಗೋ ಹೊರಟೆ? ಅದು ನನ್ನ ಚೀಲ ಕಣೋ, ಹೋಗ್ಲಿ ಬಿಡು!’

ಅಕ್ಕ ಎಡಗಡೆಯ ಪೊದೆಗಳ ಹಿಂದಿನಿಂದ ಏರಿ ಬರುತ್ತಿದ್ದಳು. ಎದೆಯವರೆಗೂ ತೊಯ್ದಿದ್ದಳು. ಒಂದು ಕಾಲಿನಲ್ಲಿ ಮಾತ್ರ ಚಪ್ಪಲಿಯಿತ್ತು. ಅಂಗೈ ತರಚಿ ರಕ್ತ ಬರುತ್ತಿತ್ತು. ನನ್ನ ರಟ್ಟೆಯನ್ನು ಗಟ್ಟಿಯಾಗಿ ಹಿಡಿದಳು.

‘ನಿಮ್ಮ ಭಾವನಿಗೆ ಏನಾಯ್ತು? ಮೊದಲು ಅದನ್ನ ಹೇಳು.’

‘ಏನೂ ಆಗಿಲ್ಲ.’

‘ಸುಳ್ಳು ಹೇಳ್ಬೇಡ. ಮಂಜಿಲ್ಲ, ಮಸಿಯಿಲ್ಲ, ಬಡ್ಕೊಳ್ತಾನೇ ಇದೆ. ಊದ್ತಾ ಊದ್ತಾ ಅದರ ಮೇಲೇ ಬಿದ್ದುಬಿಟ್ರೇನೋ ಅಂತ ಎಣಿಸೋದು ಬಿಟ್ಟು ಓಡಿ ಬಂದೆ. ನಡುವೆ ನೀರು ಇಷ್ಟೆತ್ತರ. ಒಂದು ಕಡೆ ಕಾಲೇ ನಿಲ್ಲಲಿಲ್ಲ ಕಣೋ, ಕಲ್ಲು ಹಿಡ್ಕೊಂಡು ದಡ ಹತ್ತೋಷ್ಟ್ರಲ್ಲಿ ಇಷ್ಟು ಹೊತ್ತಾಯ್ತು. ಹೇಳು, ಏನಾಯ್ತು?’

ಹೇಳಿದೆ. ಚೀಟಿ, ನಲವತ್ತು, ಮತ್ತೆ ನಲವತ್ತು. ಅವಳು ತಿರುಗಿ ಬಂಡೆಯ ಕಡೆ ನೋಡಿದಳು.

‘ಇಬ್ಬರೂ ಲೆಕ್ಕದಲ್ಲಿ ಹುಲಿಗಳು’ ಎಂದಳು. ‘ಒಬ್ಬ ದಡ್ಡ ಇದ್ದಿದ್ರೆ ಸಾಕಿತ್ತು, ಕೇಳಿಯಾದ್ರೂ ಬರೀತಿದ್ದ.’

ಕಹಳೆ ನಿಂತಿರಲಿಲ್ಲ. ಫೋನು ಸಿಗಬೇಕಾದರೆ ಗುಡ್ಡದ ನೆತ್ತಿಗೇ ಬರಬೇಕು. ಅಲ್ಲಿಂದ ಭಾವನಿಗೆ ಮಾಡಿದೆ. ಎತ್ತಿದವರು ಬಂದರಿನ ಅಧಿಕಾರಿ. ‘ನಿಮ್ಮ ಭಾವ ಕೈ ತೆಗೀತಿಲ್ಲ, ಎರಡು ಹಡಗು ಹೊರಗೇ ನಿಂತಿವೆ’ ಎಂದು ಕೂಗುತ್ತಿದ್ದರು. ಅಕ್ಕ ನನ್ನ ಕೈಯಿಂದ ಫೋನು ಕಿತ್ತುಕೊಂಡಳು. ‘ಅವರ ಕಿವಿಗೆ ಹಿಡೀರಿ’ ಎಂದಳು. ಆಮೇಲೆ, ‘ರೀ, ಸಾಕು ನಿಲ್ಸಿ, ಬದುಕಿದೀನಿ.’

ಹನ್ನೆರಡು ಇಪ್ಪತ್ತಮೂರಕ್ಕೆ ಸದ್ದು ನಿಂತಿತು. ಆಟದ ಜಾಲತಾಣದಲ್ಲಿ ಬಂಡೆಯ ಪುಟವನ್ನು ನಾನು ಅಲ್ಲಿಯೇ, ಕಾರಿನಲ್ಲಿ ಕುಳಿತು, ಮುಚ್ಚಿದೆ.

ನಾವು ಹೋದಾಗ ಭಾವ ಕಹಳೆಯ ಕೋಣೆಯ ಬೆಂಚಿನ ಮೇಲೆ ಕುಳಿತಿದ್ದರು. ಕಿವಿ ಮಂಕಾಗಿದ್ದರಿಂದ ನಾವು ಬಂದದ್ದು ಕೇಳಿಸಲಿಲ್ಲ. ಅಕ್ಕ ಎದುರಿಗೆ ಹೋಗಿ ನಿಂತಳು. ಅವರು ಅವಳ ತೊಯ್ದ ಬಟ್ಟೆಯನ್ನು, ಒಂಟಿ ಚಪ್ಪಲಿಯನ್ನು ನೋಡಿದರು.

‘ಒಂಬತ್ತರವರೆಗೆ ಎಣಿಸಿದ್ದೆ’ ಎಂದಳು ಅಕ್ಕ ಜೋರಾಗಿ. ‘ಉಳಿದಿದ್ದು ನನಗೆ ಗೊತ್ತಿಲ್ಲ.’

‘ಹನ್ನೊಂದೇ ಇರಲಿ’ ಎಂದರು ಭಾವ.

ಅಧಿಕಾರಿ ಕಹಳೆಯ ದಾಖಲೆ ಪುಸ್ತಕವನ್ನು ಮೇಜಿನ ಮೇಲಿಟ್ಟು ಕಾಯುತ್ತಿದ್ದರು. ಒಳ್ಳೆಯ ಮನುಷ್ಯ, ಭಾವನ ಕೈಕೆಳಗೆ ಕಲಿತವರು. ಭಾವನಿಗೆ ಕೇಳಿಸಲೆಂದು ದನಿಯೇರಿಸಿ ಹೇಳಿದರು: ‘ಕಾರಣದ ಕಡೆ ದುರಸ್ತಿ ಅಂತ ಬರೆದುಬಿಡಿ ಮುಳ್ಳಣ್ಣ. ದುರಸ್ತಿ ಮಾಡುವಾಗ ಕೈ ತಪ್ಪಿ ಊದ್ತು ಅಂದ್ರೆ ಮೇಲಿನವರು ಕೇಳಲ್ಲ. ಬೇರೆ ಏನಾದ್ರೂ ಬರೆದ್ರೆ ಕಹಳೆ ನಿಮ್ಮ ಕೈಯಲ್ಲಿ ಉಳಿಯಲ್ಲ. ಆಮೇಲೆ ನನ್ನ ಕೈಯಲ್ಲೂ ಏನಿಲ್ಲ.’

‘ದುರಸ್ತಿ ಅಂತಾನೇ ಬರೀರಿ’ ಎಂದಳು ಅಕ್ಕ. ‘ನನ್ನ ಮೇಲಾಣೆ.’

ಭಾವ ಕನ್ನಡಕ ಹಾಕಿಕೊಂಡರು. ಕಾರಣವೆಂಬ ಅಂಕಣದಲ್ಲಿ, ಇಳಿತದ ವೇಳೆಯನ್ನು ತಾನು ತಪ್ಪಾಗಿ ಪ್ರಕಟಿಸಿದ್ದರಿಂದ ಹೆಂಡತಿ ಅಳಿವೆಯ ಬಂಡೆಯ ಮೇಲೆ ಸಿಕ್ಕಿಬಿದ್ದಳೆಂದು ಬರೆದರು. ನಾನು ನನ್ನ ಹೆಸರನ್ನೂ ಸೇರಿಸಬೇಕೆಂದು ಕೂಗಿ ಹೇಳಿದೆ. ಅಲ್ಲಿ ಒಬ್ಬನ ಸಹಿಗೆ ಮಾತ್ರ ಜಾಗವಿದೆ ಎಂದರು. ಮುಂದಿನದು ಅವಧಿಯ ಅಂಕಣ. ಪೆನ್ನು ಅಲ್ಲಿ ನಿಂತಿತು. ಮೂವತ್ತೊಂದು ವರ್ಷ ಆ ಪುಸ್ತಕದಲ್ಲಿ ಒಂದು ನಿಮಿಷವನ್ನೂ ಅಂದಾಜಿನಲ್ಲಿ ಬರೆಯದವರು ತಲೆಯೆತ್ತಿ ನಮ್ಮನ್ನು ನೋಡಿದರು.

‘ಎಷ್ಟು ಹೊತ್ತು ಊದಿದೆ? ನಾನು ಗಡಿಯಾರ ನೋಡಲೇ ಇಲ್ಲ.’

‘ಐವತ್ತೆರಡು ನಿಮಿಷ’ ಎಂದೆ.

ಕೇಳಿಸಲಿಲ್ಲವೆಂದು ಅವರು ಕಿವಿಗೆ ಕೈಯಿಟ್ಟರು. ಅಕ್ಕ ಬಗ್ಗಿ, ಅವರ ಕಿವಿಯ ಹತ್ತಿರ ಮತ್ತೊಮ್ಮೆ ಹೇಳಿದಳು. ಅವರು ಬರೆದುಕೊಂಡರು.