ಅಕ್ಕನ ಸಾಕ್ಷಿ

ಬೀದಿಯವರು ಅವನನ್ನು ಸಿಪಾಯಿ ಎನ್ನುತ್ತಿದ್ದರು. ಬೆನ್ನ ಹಿಂದೆ, ಜಂಬದ ಸಿಪಾಯಿ. ಬೆನ್ನ ಹಿಂದೆ ಅಂದದ್ದು ಅವನಿಗೆ ಹೇಗೂ ಕೇಳಿಸುತ್ತಿರಲಿಲ್ಲ. ಪಕ್ಕದ ಕೋಣೆಯ ಹೆಂಗಸು ನಲ್ಲಿ ನಿಲ್ಲಿಸಿ ಎಂದು ಎಷ್ಟು ಕೂಗಿದರೂ ತಿರುಗಿ ನೋಡುತ್ತಿರಲಿಲ್ಲ. ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ಅವನ ಕೆಲಸ. ಸೂಜಿ, ದಾರ, ಅಂಟು, ರಟ್ಟು; ಮಾತಿನ ಹಂಗಿಲ್ಲ. ಯಜಮಾನ ಬೇಕಾದಾಗ ಮೇಜು ತಟ್ಟುತ್ತಿದ್ದ, ಅದುರು ಅಂಗೈಗೆ ತಾಗಿದರೆ ಇವನು ತಲೆಯೆತ್ತುತ್ತಿದ್ದ. ಊಟದ ಹೊತ್ತಿಗೆ ಉಳಿದವರು ನಕ್ಕರೆ ತಾನೂ ನಗುತ್ತಿದ್ದ, ಒಂದು ಗಳಿಗೆ ತಡವಾಗಿ. ಆಮೇಲಾಮೇಲೆ ಅದನ್ನೂ ಬಿಟ್ಟು ಹಿತ್ತಿಲ ಮೆಟ್ಟಿಲ ಮೇಲೆ ಒಬ್ಬನೇ ಕೂತು ಉಣ್ಣತೊಡಗಿದ.

ಸೈನ್ಯದಲ್ಲಿ ಅವನು ಫಿರಂಗಿಗೆ ಗುಂಡು ತುಂಬುವವನಾಗಿದ್ದ. ವರ್ಷಗಟ್ಟಲೆ ಆ ಸಿಡಿತದ ಮಗ್ಗುಲಲ್ಲೇ ನಿಂತವನು; ಕಿವಿಗೆ ಹತ್ತಿ ತುರುಕಿಕೊಂಡರೆ ಅದೇ ರಕ್ಷಣೆ. ಬಿಡುಗಡೆಯ ದಿನ ಸೈನ್ಯದ ವೈದ್ಯ, "ಏನಾದ್ರೂ ತೊಂದರೆ ಇದೆಯೇನಪ್ಪಾ?" ಎಂದು ಕೇಳಿದಾಗ ಇಲ್ಲ ಎಂದುಬಿಟ್ಟಿದ್ದ. ಇದೆ ಎಂದವರನ್ನು ಪರೀಕ್ಷೆಗೆಂದು ವಾರಗಟ್ಟಲೆ ಆಸ್ಪತ್ರೆಯಲ್ಲಿ ಕೂರಿಸುತ್ತಿದ್ದರು. ಮನೆಯಲ್ಲಿ ಅಮ್ಮ ಹಾಸಿಗೆ ಹಿಡಿದಿದ್ದಳು.

ಆ ಒಂದು 'ಇಲ್ಲ' ಈಗ ಕಾಲಿಗೆ ತೊಡರಿಕೊಂಡಿತ್ತು. ಕಿವಿ ಪೂರ್ತಿ ಮಂದವಾದ ಮೇಲೆ ಅಂಗವೈಕಲ್ಯದ ಪಿಂಚಣಿ ಕೇಳಿದರೆ, ಸೇವೆ ಬಿಡುವಾಗ ನಿನ್ನ ಕಿವಿ ಚೆನ್ನಾಗಿಯೇ ಇತ್ತು, ಇದು ವಯಸ್ಸಿನಿಂದ ಬಂದದ್ದು ಎಂದು ಕಚೇರಿ ಕೈತೊಳೆದುಕೊಂಡಿತು. ಅವನು ಮೇಲ್ಮನವಿ ಹಾಕಿದ.

ವಕೀಲೆ ಅವನ ಎದುರಿಗೆ ಕುರ್ಚಿ ಎಳೆದುಕೊಂಡು, ತುಟಿ ಕಾಣುವ ಹಾಗೆ ನಿಧಾನವಾಗಿ ಹೇಳಿದಳು: "ಕಿವಿ ಕೆಟ್ಟಿದೆ ಅನ್ನೋದನ್ನ ಅವರೂ ಒಪ್ತಾರೆ. ಯಾವಾಗಿಂದ ಕೆಟ್ಟಿದೆ ಅನ್ನೋದೇ ಪ್ರಶ್ನೆ. ನೀವು ಬಿಡುಗಡೆಯಾಗಿ ಬಂದ ಹೊಸದರಲ್ಲಿ ನಿಮ್ಮನ್ನ ಹತ್ತಿರದಿಂದ ನೋಡಿದವರು ಯಾರಾದ್ರೂ ಇದ್ದಾರಾ?"

ಜೊತೆಗೆ ಫಿರಂಗಿ ನಡೆಸಿದವರಲ್ಲಿ ಕೆಲವರು ತೀರಿಕೊಂಡಿದ್ದರು, ಉಳಿದವರ ಸುಳಿವಿರಲಿಲ್ಲ. ಹೆಂಡತಿ ಮಕ್ಕಳ ಮಾತು ಬಿಡಿ, ಮದುವೆಯೇ ಆಗಿರಲಿಲ್ಲ.

"ಅಕ್ಕ ಇದ್ದಾಳೆ," ಎಂದ. "ಅಮ್ಮ ಸತ್ತ ದಿನದಿಂದ ನನ್ನ ಹತ್ರ ಮಾತಾಡಿಲ್ಲ. ಯಾಕೆ ಅಂತ ನಂಗೂ ಗೊತ್ತಿಲ್ಲ ಮೇಡಂ."

ಅಕ್ಕನಿಗೆ ಫೋನ್ ಮಾಡಿದ್ದು ವಕೀಲೆಯೇ. ಅಕ್ಕ ಬರುತ್ತೇನೆ ಎಂದಳಂತೆ, ಬೇರೇನೂ ಹೇಳಲಿಲ್ಲವಂತೆ.

ವಿಚಾರಣೆಯ ಕೋಣೆ ಸಣ್ಣದು. ಉದ್ದನೆಯ ಮೇಜಿನ ಹಿಂದೆ ಮೂವರು: ಮಧ್ಯದಲ್ಲಿ ನ್ಯಾಯಾಧೀಶ, ಒಂದು ಕಡೆ ನಿವೃತ್ತ ಸೇನಾಧಿಕಾರಿ, ಇನ್ನೊಂದು ಕಡೆ ವೈದ್ಯೆ. ಅಕ್ಕ ತಲೆ ನೆರೆತವಳು, ಕೈಚೀಲವನ್ನು ಎದೆಗೆ ಅವಚಿಕೊಂಡು ಇವನತ್ತ ನೋಡದೆ ಸಾಕ್ಷಿಯ ಕುರ್ಚಿಯಲ್ಲಿ ಕೂತಳು. ಅವಳ ಮುಖ ಆ ಮೂವರ ಕಡೆಗಿತ್ತು. ಇವನಿಗೆ ಕಂಡದ್ದು ಅವಳ ಬೆನ್ನು, ಒಮ್ಮೊಮ್ಮೆ ಏಳುತ್ತಿದ್ದ ಕೈ. ತನ್ನ ಬದುಕಿನ ಬಗ್ಗೆ ಏನೋ ತೀರ್ಮಾನವಾಗುತ್ತಿದೆ, ತಾನು ಮಾತ್ರ ಗಾಜಿನಾಚೆ ನಿಂತಿದ್ದೇನೆ ಅನ್ನಿಸಿತು.

ಅವನಿಗೆ ಕೇಳಿಸದೆ ಹೋದ ಮಾತು ಇದು.

"ಇವನು ಸೈನ್ಯದಿಂದ ಬಂದು ತಿಂಗಳೂ ಆಗಿರಲಿಲ್ಲ. ಅಮ್ಮನಿಗೆ ಮೂರು ದಿನದಿಂದ ಎಚ್ಚರ ಇರಲಿಲ್ಲ," ಎಂದಳು ಅಕ್ಕ. "ಇವನು ಔಷಧಿ ತರೋಕೆ ಹೊರಟ. ಗೇಟು ದಾಟುವಾಗ ಅಮ್ಮ ಕಣ್ಣು ಬಿಟ್ಲು, ಇವನ ಹೆಸರು ಹೇಳಿದ್ಲು. ನಾನು ಬಾಗಿಲಿಗೆ ಓಡಿ, ತಮ್ಮಾ ಬಾರೋ, ಅಮ್ಮ ಕರೀತಿದ್ದಾಳೆ ಅಂತ ಗಂಟಲು ಹರಿಯೋ ಹಾಗೆ ಕೂಗಿದೆ. ತಿರುಗಲೇ ಇಲ್ಲ. ಅವನು ವಾಪಸ್ ಬರೋ ಹೊತ್ತಿಗೆ ಎಲ್ಲ ಮುಗಿದಿತ್ತು."

"ಅವರಿಗೆ ಕೇಳಿಸಲಿಲ್ಲ ಅಂತ ಹೇಗೆ ಹೇಳ್ತೀರಿ?" ಎಂದ ಸೇನಾಧಿಕಾರಿ. "ಬೇಕಂತಲೇ ತಿರುಗದೆ ಇದ್ದಿರಬಹುದಲ್ಲ?"

"ನಾನೂ ಹಾಗೇ ಅಂದ್ಕೊಂಡಿದ್ದೆ ಸಾರ್. ಅದಕ್ಕೇ ಇಷ್ಟು ವರ್ಷ ಅವನ ಮುಖ ನೋಡಲಿಲ್ಲ. ಚಿಕ್ಕಪ್ಪ ಕರೆದ್ರೆ ಓಗೊಡ್ತಿದ್ದ, ನಾನು ಕರೆದ್ರೆ ಇಲ್ಲ. ಸೈನ್ಯದಿಂದ ಬಂದ ಮೇಲೆ ನಾನು ಅಂದ್ರೆ ತಾತ್ಸಾರ ಅಂತ ತಿಳಿದೆ. ಕಿವಿ ವಿಷಯ ಗೊತ್ತಾಗಿದ್ದು ಮೊನ್ನೆ ವಕೀಲರು ಫೋನ್ ಮಾಡಿದಾಗಲೇ."

ವೈದ್ಯೆ ಮುಂದಕ್ಕೆ ಬಾಗಿದಳು. "ಚಿಕ್ಕಪ್ಪನ ದನಿ ಹೇಗಿತ್ತಮ್ಮ?"

"ದಪ್ಪ ದನಿ. ಗಡಿಗೆಯೊಳಗಿಂದ ಮಾತಾಡಿದ ಹಾಗೆ."

ವೈದ್ಯೆ ಪಕ್ಕದವರಿಬ್ಬರಿಗೂ ವಿವರಿಸಿದಳು. ವಯಸ್ಸಿನಿಂದಲೂ, ಗುಂಡಿನ ಸದ್ದಿನಿಂದಲೂ ಮೊದಲು ಹೋಗುವುದು ಹೆಂಗಸರದಂಥ ತೆಳು ದನಿಗಳೇ. ದಪ್ಪ ದನಿ ಬಹುಕಾಲ ಉಳಿಯುತ್ತದೆ. ಆದರೆ ಆಗ ಈತನಿಗಿನ್ನೂ ಮೂವತ್ತು ತುಂಬಿರಲಿಲ್ಲ. ಆ ಪ್ರಾಯದಲ್ಲಿ ಅದಕ್ಕೆ ವಯಸ್ಸನ್ನು ದೂರುವಂತಿಲ್ಲ. ಅಕ್ಕನೇನೂ ಇದನ್ನು ತಿಳಿದು ಹೇಳಿದವಳಲ್ಲ. ತನಗಾದ ನೋವನ್ನಷ್ಟೇ ಹೇಳಿದ್ದಳು.

ಹೊರಗೆ ಪಡಸಾಲೆಯ ಬೆಂಚಿನ ಮೇಲೆ ಅಕ್ಕ ತಮ್ಮ ಇಬ್ಬರೇ ಉಳಿದರು.

"ಒಳಗೆ ಏನಂದೆ?" ಎಂದ.

ಹೇಳದೆ ಬಿಟ್ಟರೂ ನಡೆಯುತ್ತಿತ್ತೇನೋ. ಆದರೂ ಅವಳು ಅವನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ಒಂದೊಂದೇ ಮಾತು ಬಿಡಿಸಿ ಹೇಳಿದಳು. ಅಮ್ಮ ಕಣ್ಣು ಬಿಟ್ಟದ್ದು. ಅವನ ಹೆಸರು ಹೇಳಿದ್ದು. ತಾನು ಕೂಗಿದ್ದು.

"ಅಮ್ಮ ಕಣ್ಣು ಬಿಟ್ಲಾ?"

ಅವಳು ತಲೆಯಾಡಿಸಿದಳು.

"ನಂಗೆ ಯಾರೂ ಹೇಳಲಿಲ್ಲ," ಎಂದ. ತನ್ನ ದನಿ ಎಷ್ಟು ಜೋರಾಗಿದೆಯೆಂಬುದು ಅವನಿಗೆ ತಿಳಿಯಲಿಲ್ಲ. ದೂರದಲ್ಲಿ ನಿಂತಿದ್ದ ಜವಾನ ತಿರುಗಿ ನೋಡಿದ. ಅಕ್ಕ ಅವನ ಮುಂಗೈ ಹಿಡಿದುಕೊಂಡು ಬಸ್ಸಿನ ಹೊತ್ತಾಗುವವರೆಗೂ ಕೂತಿದ್ದಳು. ಕ್ಷಮಿಸು ಎಂದು ಯಾರು ಯಾರಿಗೆ ಹೇಳಬೇಕೆಂದು ಇಬ್ಬರಿಗೂ ತೋಚಲಿಲ್ಲ.

ತೀರ್ಪು ಅವನ ಪರವಾಗಿ ಬಂತು. ಕಿವುಡು ಸೇವೆಯಿಂದಲೇ ಬಂದದ್ದು, ಬಿಡುಗಡೆಯ ಹೊತ್ತಿಗಾಗಲೇ ಇತ್ತು, ರೋಗಿ ತಾಯಿಯ ಬಳಿಗೆ ಹೊರಟವನು ತೊಂದರೆಯಿಲ್ಲ ಎಂದದ್ದನ್ನೇ ಹಿಡಿದು ಹಕ್ಕು ತಪ್ಪಿಸುವಂತಿಲ್ಲ ಎಂದು ಮೂವರೂ ಒಪ್ಪಿದ್ದರು. ಅಂಗಡಿಯಲ್ಲಿ ಸುದ್ದಿ ತಿಳಿದ ಯಜಮಾನ ಅವನ ಬೆನ್ನು ತಟ್ಟಿದ.

ಪಿಂಚಣಿಯ ಜೊತೆ ಶ್ರವಣಯಂತ್ರವೂ ಬಂತು. ಹಾಕಿಕೊಂಡ ಮೊದಲ ದಿನ ಕೋಣೆಯ ತುಂಬ ಸದ್ದು: ಚಪ್ಪಲಿಯದು, ಪಾತ್ರೆಯದು, ಗೋಡೆಯಾಚೆ ಆ ಹೆಂಗಸು ಯಾರನ್ನೋ ಗದರುತ್ತಿದ್ದದ್ದು. ತನ್ನ ಕೋಣೆಯಲ್ಲಿ ತಾನೊಬ್ಬನೇ ಇದ್ದೇನೆಂಬುದು ಇಷ್ಟು ಸ್ಪಷ್ಟವಾಗಿ ಅವನಿಗೆ ಎಂದೂ ಕೇಳಿಸಿರಲಿಲ್ಲ. ಸಂಜೆ ಅಕ್ಕನಿಗೆ ಫೋನ್ ಮಾಡಿದ. ದನಿ ತಗಡಿನ ಡಬ್ಬಿಯೊಳಗಿಂದ ಬಂದಂತಿತ್ತು, ಮುದಿಯಾಗಿತ್ತು. ಅವನ ನೆನಪಿನಲ್ಲಿದ್ದ ಅಕ್ಕನ ದನಿ ಅದಲ್ಲ.

"ಊಟ ಆಯ್ತಾ?" ಎಂದಳು.

"ಆಯ್ತು. ನಿಂದು?"

"ಆಯ್ತು."

ಇಬ್ಬರೂ ಫೋನ್ ಇಡಲಿಲ್ಲ. ಆ ಕಡೆಯಿಂದ ಅವಳು ಉಸಿರಾಡುವುದು ಕೇಳಿಸುತ್ತಿತ್ತು.