ಮುಕ್ಕಾಲು ಗಂಟೆಯ ಆಕಾಶ

ದಾವಣಗೆರೆಯಲ್ಲಿ ರಾತ್ರಿ ರೈಲು ಹತ್ತುವಾಗ ದೊಡ್ಡವ್ವ ನನಗಿಂತ ಹುರುಪಿನಲ್ಲಿದ್ದಳು. ದೊಡ್ಡವ್ವ ಎಂದರೆ ನಮ್ಮ ತಾಯಿಯ ಅಕ್ಕ. ಮೋಡವನ್ನು ಮೇಲಿನಿಂದ ಒಮ್ಮೆ ನೋಡಬೇಕೆನ್ನುವುದು ಅವಳ ಎಷ್ಟೋ ವರ್ಷದ ಆಸೆ. ಮೊಣಕಾಲು ಹಿಡಿದುಕೊಂಡಿದ್ದವು, ಈಗಲ್ಲದಿದ್ದರೆ ಇನ್ನಿಲ್ಲ. ನಮ್ಮೂರಲ್ಲಿ ವಿಮಾನವೆಲ್ಲಿ ಬರಬೇಕು? ಬೆಂಗಳೂರಿನಿಂದ ಮಂಗಳೂರಿಗೆ ಹಾರಿ, ಬಸ್ಸಿನಲ್ಲಿ ವಾಪಸಾಗುವುದೆಂದು ಗೊತ್ತುಮಾಡಿದ್ದೆ. ನನ್ನ ಬಟ್ಟೆ ಅಂಗಡಿಯ ವರಮಾನಕ್ಕೆ ಎಟುಕಿದ್ದು ಅಷ್ಟೇ ದೂರದ ಟಿಕೆಟ್ಟು. ಅವಳೋ ಸ್ಟೇಷನ್ ಎದುರಿನ ಎಸ್‌ಟಿಡಿ ಬೂತಿನಿಂದ ಹರಿಹರದ ತಂಗಿ, ನಮ್ಮ ಚಿಕ್ಕವ್ವನಿಗೂ ಫೋನು ಮಾಡಿ ಹೇಳಿಯಾಗಿತ್ತು.

"ಸುಮಾರು ಮುನ್ನೂರು ಕಿಲೋಮೀಟರು ದೊಡ್ಡವ್ವ. ಮುಕ್ಕಾಲು ಗಂಟೆ ಅಷ್ಟೆ," ಎಂದೆ.

"ಏ, ಸುಮ್ನಿರೋ! ಮುಕ್ಕಾಲು ಗಂಟೇಲಿ ನಮ್ ಬಸ್ಸು ಹರಿಹರಾನೇ ಮುಟ್ಟಲ್ಲ. ಮಂಗ್ಳೂರಿಗೆ ಅರ್ಧ ದಿನನಾದ್ರೂ ಬ್ಯಾಡೇನು?"

ಬೆಂಗಳೂರಿಗೆ ರೈಲು ತಡವಾಗಿ ಬಂತು. ಸ್ಟೇಷನ್ನಿನಲ್ಲೇ ಸ್ನಾನ ಮುಗಿಸಿ ಆಟೋ ಹಿಡಿದೆವು. ಲಿಂಗಪೂಜೆ ಆಗದೆ ದೊಡ್ಡವ್ವ ಹನಿ ನೀರೂ ಮುಟ್ಟುವವಳಲ್ಲ. ವಿಮಾನ ನಿಲ್ದಾಣದ ಕುರ್ಚಿಯಲ್ಲೇ ಮಾಡಿಕೋ ಎಂದೆ.

"ಮ್ಯಾಲೆ ಮಾಡ್ತೀನಿ ಬಿಡು, ಶಿವನಿಗೆ ಹತ್ರ ಆಗ್ತೈತೆ. ಆಮ್ಯಾಲೆ ಮಧ್ಯಾಹ್ನದ ತನಕ ನೋಡ್ಕೋತ ಕೂತ್ರಾತು," ಎಂದಳು.

ಕಿಟಕಿಯ ಸೀಟು ಅವಳದೇ. ವಿಮಾನ ಮೇಲೇಳುತ್ತಲೇ ವಿಭೂತಿ ಹಚ್ಚಿಕೊಂಡು, ಎಡ ಅಂಗೈಯಲ್ಲಿ ಲಿಂಗವಿಟ್ಟು ದೃಷ್ಟಿ ನೆಟ್ಟಳು. ಹೊರಗೆ ಮೋಡ, ಅರಳೆ ಹರವಿದ ಹಾಗೆ. ಪೂಜೆಗೆ ಕೂತವರನ್ನು ಮಾತಾಡಿಸುವುದು ನಮ್ಮಲ್ಲಿಲ್ಲ. ಆದರೂ ನನ್ನ ಕೈ ಅವಳ ಭುಜದ ತನಕ ಹೋಗಿ ಹಿಂದೆ ಬಂತು. ಘಟ್ಟ ಸರಿಯಿತು, ಸಮುದ್ರದ ಅಂಚು ಕಂಡಿತು. ಅಯ್ಯೋ, ಒಂದು ಸಲ ತಲೆ ಎತ್ತಬಾರದೇ ಎಂದು ಒಳಗೇ ಒದ್ದಾಡಿದೆ.

ಗಾಲಿ ಧಡ್ ಎಂದು ನೆಲಕ್ಕೆ ತಾಗಿ, ವಿಮಾನ ನಿಧಾನವಾದ ಮೇಲೆ ದೊಡ್ಡವ್ವ ಪೂಜೆ ಮುಗಿಸಿ ಕಿಟಕಿಯತ್ತ ತಿರುಗಿದಳು.

"ಆತು. ಈಗ ತೋರ್ಸು, ಎಲ್ಲೈತೆ ಮೋಡ?"

"ಇಳಿದ್ವಿ ದೊಡ್ಡವ್ವ."

ಹೊರಗೆ ಒಣಹುಲ್ಲು, ಒಂದು ಲಗೇಜಿನ ಗಾಡಿ. ಅದನ್ನೇ ಬಹಳ ಹೊತ್ತು ನೋಡಿ, "ಹೋಗ್ಲಿ ಬಿಡು," ಎಂದಳು. ನನ್ನನ್ನು ಬೈದಿದ್ದರೂ ಚೆನ್ನಾಗಿತ್ತು.

ಮರುದಿನ ಬಸ್ಸು ಘಟ್ಟ ಹತ್ತಿ, ಶಿವಮೊಗ್ಗ, ಹೊನ್ನಾಳಿ ದಾಟಿ ಹರಿಹರ ಸೇರುವಾಗ ಸಂಜೆ. ಚಿಕ್ಕವ್ವನ ಮನೆಯಲ್ಲಿ ಓಣಿಯ ಹೆಂಗಸರೆಲ್ಲ ಕಾದಿದ್ದರು.

"ಅಕ್ಕಾರ, ಬರ್ರಿ, ಕೂಡ್ರಿ! ಮೋಡದ ಮ್ಯಾಲೆ ಹೆಂಗಿತ್ರಿ?"

ದೊಡ್ಡವ್ವ ಅವರ ನಡುವೆಯೇ ಕಟ್ಟೆಯ ಮೇಲೆ ಕೂತು ಕಾಲು ಚಾಚಿದಳು. ಆಮೇಲೆ ನನ್ನತ್ತ ಕೈ ತೋರಿಸಿದಳು.

"ನೋಡಿದ್ದು ಅವನು. ಹೇಳಪ್ಪಾ, ನಾನೂ ಕೇಳ್ತೀನಿ."